ಪಿಕಪ್ ಗಾಡಿಯ ಆಕ್ಸಲ್ ಯಾವುದು, ಗೇರ್ ರೇಷಿಯೊ ಎಷ್ಟು? ಆಟೋನಗರಕ್ಕೆ ಹೋಗುವ ಮುನ್ನ ನೀವೇ ಹೀಗೆ ಪತ್ತೆ ಹಚ್ಚಿ

ವಿಜಯವಾಡ/ವಿಶಾಖಪಟ್ಟಣ: ಪಿಕಪ್ ಗಾಡಿಯ ಹಿಂದಿನ ಹೌಸಿಂಗ್‌ನಿಂದ ಗುಂಯ್ ಎಂಬ ಸದ್ದು ಶುರುವಾಗಿದೆ. ಮೆಕ್ಯಾನಿಕ್ ನೋಡಿ "ಕ್ರೌನ್ ಪಿನಿಯನ್ ಹೋಗಿದೆ, ಹೊಸದು ಇಲ್ಲವೇ ಸೆಕೆಂಡ್ ಹ್ಯಾಂಡ್ ಸೆಟ್ ತನ್ನಿ" ಎನ್ನುತ್ತಾರೆ. ಅಂಗಡಿಯವರು ಕೇಳುವ ಮೊದಲ ಪ್ರಶ್ನೆ: "ಎಷ್ಟು ಹಲ್ಲಿನದು?" ಬಹುತೇಕ ಮಾಲೀಕರ ಬಳಿ ಈ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಮಾಡೆಲ್ ಹೆಸರು, ಇಸವಿ ಹೇಳಿ ಅಂದಾಜಿನ ಮೇಲೆ ಸಾಮಾನು ತರುತ್ತಾರೆ. ಬಿಚ್ಚಿ ಕೂರಿಸುವಾಗಲೋ, ಕೂರಿಸಿ ರಸ್ತೆಗೆ ಇಳಿದ ಮೇಲೋ ಅದು ಬೇರೆ ಎಂದು ಗೊತ್ತಾಗುತ್ತದೆ. ಸಾಮಾನಿನ ಹಣ, ಮಜೂರಿ ಮತ್ತು ಬಾಡಿಗೆ ತಪ್ಪಿದ ದಿನಗಳು ಎಲ್ಲವೂ ನಷ್ಟ.

ಆಂಧ್ರಪ್ರದೇಶದಲ್ಲಿ ಲಾರಿ ಮತ್ತು ಪಿಕಪ್ ರಿಪೇರಿಗೆ ಹೆಸರಾದ ಎರಡು ಜಾಗಗಳಿವೆ. ಒಂದು ವಿಜಯವಾಡದ ಜವಾಹರ್ ಆಟೋನಗರ, ಇನ್ನೊಂದು ವಿಶಾಖಪಟ್ಟಣದ ಗಾಜುವಾಕ ಬಳಿಯ ಆಟೋನಗರ. ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಈ ಎರಡು ನಗರಗಳ ನಡುವೆ ಸುಮಾರು 350 ಕಿ.ಮೀ. ಅಂತರವಿದೆ. ಬಿಡಿಭಾಗ, ಬಾಡಿ ಕಟ್ಟುವುದು, ಲೇತ್ ಕೆಲಸ, ಹಳೆ ಸಾಮಾನು ಎಲ್ಲವೂ ಒಂದೇ ಕಡೆ ಸಿಗುತ್ತದೆ ಎಂಬುದು ಇಂಥ ಜಾಗಗಳ ಅನುಕೂಲ. ಒಂದೇ ಥರ ಕಾಣುವ ಹತ್ತಾರು ಹೌಸಿಂಗ್‌ಗಳು ಸಾಲಾಗಿ ಬಿದ್ದಿರುತ್ತವೆ ಎಂಬುದು ಅಪಾಯ. ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಗೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ನಿಮ್ಮ ಪಿಕಪ್‌ನ ಆಕ್ಸಲ್ ಯಾವ ವಿಧದ್ದು, ಅದರ ಗೇರ್ ರೇಷಿಯೊ ಎಷ್ಟು ಎಂದು ತಿಳಿಯುವುದು ಹೇಗೆ? ಇಲ್ಲಿದೆ ಹಂತ ಹಂತವಾದ ಮಾಹಿತಿ.

ಆರ್‌ಸಿಯಲ್ಲಿ ಇರುವುದೇನು, ಇಲ್ಲದಿರುವುದೇನು?

ಹಲವರು ಮೊದಲು ಆರ್‌ಸಿ ತೆಗೆದು ನೋಡುತ್ತಾರೆ. ಅದರಲ್ಲಿ ಚಾಸಿಸ್ ನಂಬರ್, ಎಂಜಿನ್ ನಂಬರ್, ವಾಹನದ ಒಟ್ಟು ತೂಕ ಇರುತ್ತದೆ. ಸರಕು ವಾಹನಗಳ ನೋಂದಣಿ ನಮೂನೆಯಲ್ಲಿ ಟೈರ್ ಅಳತೆ ಮತ್ತು ಪ್ರತಿ ಆಕ್ಸಲ್ ಮೇಲೆ ಬೀಳಬಹುದಾದ ನೋಂದಾಯಿತ ತೂಕಕ್ಕೂ ಜಾಗವಿದೆ. ಆದರೆ ಗೇರ್ ರೇಷಿಯೊ ಮಾತ್ರ ಅದರಲ್ಲಿ ಎಲ್ಲಿಯೂ ಇರುವುದಿಲ್ಲ.

ಮಾಡೆಲ್ ಹೆಸರನ್ನು ನಂಬುವುದೂ ಸಾಲದು. ಒಂದೇ ಹೆಸರಿನ ಪಿಕಪ್ ಬೇರೆ ಬೇರೆ ಎಂಜಿನ್, ಬೇರೆ ಬೇರೆ ಭಾರ ಸಾಮರ್ಥ್ಯ ಮತ್ತು ಬೇರೆ ಟೈರ್‌ಗಳೊಂದಿಗೆ ಬಂದಾಗ ರೇಷಿಯೊ ಕೂಡ ಬದಲಾಗಬಹುದು. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಿಂದಿನ ಮಾಲೀಕರು ಹೌಸಿಂಗ್ ಅನ್ನೇ ಬದಲಿಸಿರುವ ಸಾಧ್ಯತೆಯೂ ಇದೆ. ಆದ್ದರಿಂದ ಕಾಗದದ ಮೇಲಿನ ಮಾಹಿತಿಯನ್ನು ಗಾಡಿಯ ಕೆಳಗಿನ ಕಬ್ಬಿಣದೊಂದಿಗೆ ತಾಳೆ ನೋಡಲೇಬೇಕು.

ಗೇರ್ ರೇಷಿಯೊ ಎಂದರೇನು?

ಎಂಜಿನ್‌ನ ಶಕ್ತಿ ಗೇರ್‌ಬಾಕ್ಸ್ ದಾಟಿ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಕ್ಕೆ ಬರುತ್ತದೆ. ಶಾಫ್ಟ್‌ನ ತುದಿಯಲ್ಲಿ ಸಣ್ಣ ಗೇರ್ ಇದೆ, ಅದು ಪಿನಿಯನ್. ಅದು ದೊಡ್ಡ ಬಳೆಯಂತಹ ಗೇರನ್ನು ತಿರುಗಿಸುತ್ತದೆ, ಅದು ಕ್ರೌನ್. ಕ್ರೌನ್‌ನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್‌ನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದೇ ಆಕ್ಸಲ್ ರೇಷಿಯೊ.

ಉದಾಹರಣೆಗೆ ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 10 ಹಲ್ಲು ಇದ್ದರೆ ರೇಷಿಯೊ 4.10. ಅಂದರೆ ಪ್ರೊಪೆಲ್ಲರ್ ಶಾಫ್ಟ್ 4.10 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ವೇಗ ಎಷ್ಟು ಪಟ್ಟು ಇಳಿಯುತ್ತದೋ ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತದೆ. ಶಾಫ್ಟ್‌ಗೆ 200 ನ್ಯೂಟನ್ ಮೀಟರ್ ಟಾರ್ಕ್ ಬಂದರೆ, ಘರ್ಷಣೆಯ ನಷ್ಟ ಬಿಟ್ಟು, ಆಕ್ಸಲ್‌ಗೆ 820 ನ್ಯೂಟನ್ ಮೀಟರ್ ಸಿಗುತ್ತದೆ.

ರೇಷಿಯೊ ಸಾಮಾನ್ಯವಾಗಿ ಪೂರ್ಣಸಂಖ್ಯೆಯಾಗಿ ಇರುವುದಿಲ್ಲ ಎಂಬುದನ್ನು ಗಮನಿಸಿ. ನೇರವಾಗಿ 40 ಮತ್ತು 10 ಇಟ್ಟರೆ ಅವೇ ಹಲ್ಲುಗಳು ಪದೇ ಪದೇ ಎದುರಾಗಿ ಅಲ್ಲೇ ಸವೆಯುತ್ತವೆ. 41 ಮತ್ತು 10 ಇಟ್ಟರೆ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನು ಸರದಿಯಂತೆ ಭೇಟಿಯಾಗುತ್ತದೆ, ಸವೆತ ಹಂಚಿಹೋಗುತ್ತದೆ.

ಆಕ್ಸಲ್ ವಿಧ: ಮೊದಲು ಚಕ್ರದ ನಡುಭಾಗ ನೋಡಿ

ಎತ್ತಿನ ಬಂಡಿಯ ಅಚ್ಚು ನಿಮಗೆ ಗೊತ್ತಿರುತ್ತದೆ. ಅದು ಭಾರ ಹೊರುತ್ತದೆ, ಚಕ್ರವನ್ನು ತಿರುಗಿಸುವುದಿಲ್ಲ. ಪಿಕಪ್‌ನ ಹಿಂದಿನ ಆಕ್ಸಲ್ ಎರಡೂ ಕೆಲಸ ಮಾಡಬೇಕು. ಈ ಎರಡು ಕೆಲಸವನ್ನು ಯಾವ ಭಾಗ ಮಾಡುತ್ತದೆ ಎಂಬುದರ ಮೇಲೆ ಆಕ್ಸಲ್‌ನ ವಿಧ ನಿಂತಿದೆ.

ಫುಲ್ ಫ್ಲೋಟಿಂಗ್: ಇಲ್ಲಿ ಭಾರವನ್ನು ಹೊರಗಿನ ಹೌಸಿಂಗ್ ಹೊರುತ್ತದೆ, ಒಳಗಿನ ಶಾಫ್ಟ್ ಚಕ್ರವನ್ನು ತಿರುಗಿಸುವ ಕೆಲಸ ಮಾತ್ರ ಮಾಡುತ್ತದೆ. ಚಕ್ರದ ಮಧ್ಯದಲ್ಲಿ ಹಬ್ ಹೊರಕ್ಕೆ ಚಾಚಿಕೊಂಡಿರುತ್ತದೆ, ಅದರ ಮುಖದ ಮೇಲೆ ಸುತ್ತಲೂ ಬೋಲ್ಟ್ ಇರುತ್ತವೆ. ಚಕ್ರದ ನಟ್‌ಗಳ ಸಾಲು ಬೇರೆ, ಈ ಬೋಲ್ಟ್‌ಗಳ ಸಾಲು ಬೇರೆ. ಈ ಬೋಲ್ಟ್ ಬಿಚ್ಚಿದರೆ ಚಕ್ರ ತೆಗೆಯದೆಯೇ ಶಾಫ್ಟ್ ಹೊರಗೆ ಬರುತ್ತದೆ. ಲಾರಿಗಳಲ್ಲಿ ಕಾಣುವುದು ಇದೇ ವಿಧ.

ಸೆಮಿ ಫ್ಲೋಟಿಂಗ್: ಇಲ್ಲಿ ಚಕ್ರ ನೇರವಾಗಿ ಶಾಫ್ಟ್‌ನ ತುದಿಯ ಫ್ಲ್ಯಾಂಜ್‌ಗೆ ಕೂರುತ್ತದೆ. ಶಾಫ್ಟೇ ತಿರುಗಿಸುತ್ತದೆ, ಶಾಫ್ಟೇ ಭಾರವನ್ನೂ ಹೊರುತ್ತದೆ. ಮಧ್ಯದಲ್ಲಿ ಪ್ರತ್ಯೇಕ ಬೋಲ್ಟ್ ಸುತ್ತು ಕಾಣುವುದಿಲ್ಲ. ಹಗುರ ಪಿಕಪ್ ಮತ್ತು ಎಸ್‌ಯುವಿಗಳಲ್ಲಿ ಇದು ಸಾಮಾನ್ಯ.

ಈ ವ್ಯತ್ಯಾಸ ಸುರಕ್ಷತೆಯ ಪ್ರಶ್ನೆಯೂ ಹೌದು. ಫುಲ್ ಫ್ಲೋಟಿಂಗ್‌ನಲ್ಲಿ ಶಾಫ್ಟ್ ಮುರಿದರೆ ಗಾಡಿ ನಿಲ್ಲುತ್ತದೆ, ಚಕ್ರ ಮಾತ್ರ ಹಬ್‌ನ ಮೇಲೆಯೇ ಉಳಿಯುತ್ತದೆ. ಸೆಮಿ ಫ್ಲೋಟಿಂಗ್‌ನಲ್ಲಿ ಬೇರಿಂಗ್‌ನ ಹೊರಭಾಗದಲ್ಲಿ ಶಾಫ್ಟ್ ಮುರಿದರೆ ಚಕ್ರವೇ ಕಳಚಿಕೊಂಡು ಹೋಗಬಹುದು.

ನಂತರ ಹೌಸಿಂಗ್‌ನ ಗುಂಡುಭಾಗ ನೋಡಿ

ಗಾಡಿಯ ಹಿಂಬದಿಯಿಂದ ಬಗ್ಗಿ ನೋಡಿದರೆ ಆಕ್ಸಲ್‌ನ ಮಧ್ಯದ ಗುಂಡುಭಾಗ ಕಾಣುತ್ತದೆ.

ಬಾಂಜೊ ವಿಧ: ಹಿಂದಿನ ಮುಖ ನುಣ್ಣಗೆ, ವೆಲ್ಡ್ ಮಾಡಿದಂತೆ ಇರುತ್ತದೆ, ಬಿಚ್ಚುವ ಬೋಲ್ಟ್‌ಗಳು ಇರುವುದಿಲ್ಲ. ಕ್ರೌನ್ ಪಿನಿಯನ್ ಕೂತಿರುವ ಕ್ಯಾರಿಯರ್ ಮುಂಭಾಗದಿಂದ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಇರುವ ಕಡೆಯಿಂದ, ಬೋಲ್ಟ್ ಆಗಿರುತ್ತದೆ. ಎರಡೂ ಶಾಫ್ಟ್ ಎಳೆದ ನಂತರ ಕ್ಯಾರಿಯರ್ ಅನ್ನು ಇಡಿಯಾಗಿ ಕೆಳಗಿಳಿಸಿ ಮೇಜಿನ ಮೇಲೆ ಕೆಲಸ ಮಾಡಬಹುದು.

ಸ್ಯಾಲಿಸ್‌ಬರಿ ವಿಧ: ಹಿಂದಿನ ಮುಖದಲ್ಲಿ ತಗಡಿನ ಮುಚ್ಚಳ ಇರುತ್ತದೆ, ಸುತ್ತಲೂ ಬೋಲ್ಟ್ ಇರುತ್ತವೆ. ಕ್ಯಾರಿಯರ್ ಹೌಸಿಂಗ್‌ನ ಭಾಗವೇ ಆಗಿರುವುದರಿಂದ ಗೇರ್ ಕೆಲಸವನ್ನು ಗಾಡಿಯ ಕೆಳಗೇ ಮಾಡಬೇಕಾಗುತ್ತದೆ. ಆದರೆ ಮುಚ್ಚಳ ತೆಗೆದ ಕೂಡಲೇ ಕ್ರೌನ್ ಕಾಣುತ್ತದೆ, ಹಲ್ಲು ಎಣಿಸುವುದು ಸುಲಭ.

ಮುಚ್ಚಳದ ಆಕಾರ ಮತ್ತು ಬೋಲ್ಟ್‌ಗಳ ಸಂಖ್ಯೆಯನ್ನು ಬರೆದುಕೊಳ್ಳಿ, ಫೋಟೊ ತೆಗೆದುಕೊಳ್ಳಿ. ಅನುಭವಿ ಅಂಗಡಿಯವರು ಇವುಗಳಿಂದಲೇ ಹೌಸಿಂಗ್ ಯಾವುದೆಂದು ಹೇಳಬಲ್ಲರು.

ವಿಧಾನ 1: ಚಾಸಿಸ್ ನಂಬರ್ ಮತ್ತು ಪ್ಲೇಟ್

ಖರ್ಚಿಲ್ಲದ ದಾರಿ ಇದು. 17 ಅಕ್ಷರಗಳ ಚಾಸಿಸ್ ನಂಬರ್ ಅನ್ನು ಕಂಪನಿಯ ಅಧಿಕೃತ ಬಿಡಿಭಾಗ ಕೌಂಟರ್‌ನಲ್ಲಿ ಕೊಟ್ಟು, ಕ್ರೌನ್ ಪಿನಿಯನ್ ಸೆಟ್‌ನ ಪಾರ್ಟ್ ನಂಬರ್ ಮತ್ತು ಹಲ್ಲುಗಳ ಸಂಖ್ಯೆ ಕೇಳಿ. ಕಾರ್ಖಾನೆಯಿಂದ ಹೊರಬಂದಾಗ ಯಾವ ಆಕ್ಸಲ್ ಇತ್ತು ಎಂಬುದು ಇದರಿಂದ ತಿಳಿಯುತ್ತದೆ.

ಕೆಲವು ಕಂಪನಿಗಳು ಗಾಡಿಯ ಮೇಲೆಯೇ ಸುಳಿವು ಬಿಟ್ಟಿರುತ್ತವೆ. ಟೊಯೊಟಾ ಗಾಡಿಗಳ ಗುರುತಿನ ಪ್ಲೇಟ್‌ನಲ್ಲಿ ಆಕ್ಸಲ್ ಕೋಡ್ ಇರುತ್ತದೆ. ಅಮೆರಿಕದಲ್ಲಿ ಫೋರ್ಡ್ ಪಿಕಪ್‌ಗಳ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್‌ನಲ್ಲೇ ಅದನ್ನು ಮುದ್ರಿಸುತ್ತಾರೆ. ಹೌಸಿಂಗ್‌ನ ಬೋಲ್ಟ್ ಒಂದಕ್ಕೆ ಸಿಕ್ಕಿಸಿದ ಸಣ್ಣ ಲೋಹದ ಪಟ್ಟಿಯಲ್ಲೂ ಕೆಲವೊಮ್ಮೆ ಹಲ್ಲಿನ ಲೆಕ್ಕ ಇರುತ್ತದೆ. ಆದರೆ ವಿಶಾಖಪಟ್ಟಣದಂತಹ ಕರಾವಳಿ ಊರಿನಲ್ಲಿ ಓಡಿದ, ಮೀನು ಸಾಗಿಸಿದ ಗಾಡಿಯಲ್ಲಿ ಉಪ್ಪುನೀರಿಗೆ ಈ ಪಟ್ಟಿ ತುಕ್ಕು ಹಿಡಿದು ಅಳಿಸಿರಬಹುದು. ತಂತಿ ಬ್ರಷ್ ಬಳಸಿ ನಿಧಾನವಾಗಿ ಉಜ್ಜಿ ನೋಡಿ.

ನೆನಪಿಡಿ, ಈ ವಿಧಾನ ಹೇಳುವುದು ಗಾಡಿಯ ಹುಟ್ಟಿನ ಕಥೆಯನ್ನು ಮಾತ್ರ. ಆಮೇಲೆ ಏನು ಬದಲಾಗಿದೆ ಎಂಬುದನ್ನು ಮುಂದಿನ ವಿಧಾನಗಳೇ ಹೇಳಬೇಕು.

ವಿಧಾನ 2: ಚಕ್ರ ತಿರುಗಿಸಿ ಎಣಿಸುವುದು

ಏನನ್ನೂ ಬಿಚ್ಚದೆ ರೇಷಿಯೊ ಕಂಡುಹಿಡಿಯುವ ದಾರಿ ಇದು. ಒಬ್ಬರು ಚಕ್ರ ತಿರುಗಿಸಲು, ಇನ್ನೊಬ್ಬರು ಶಾಫ್ಟ್ ನೋಡಲು, ಹೀಗೆ ಇಬ್ಬರು ಬೇಕು.

1. ಖಾಲಿ ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ ಕೀ ತೆಗೆದಿಡಿ. ಮುಂದಿನ ಎರಡೂ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಅಥವಾ ಮರದ ಅಡ್ಡೆ ಕೊಡಿ.

2. ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್‌ನಿಂದ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಬೇಡಿ.

3. ಗೇರ್ ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಬಿಡಿ. ಫೋರ್ ವೀಲ್ ಡ್ರೈವ್ ಇದ್ದರೆ ಟು ವೀಲ್‌ಗೆ ಹಾಕಿ.

4. ಟೈರ್ ಮೇಲೆ ಒಂದು, ಪ್ರೊಪೆಲ್ಲರ್ ಶಾಫ್ಟ್ ಮೇಲೆ ಒಂದು ಸೀಮೆಸುಣ್ಣದ ಗುರುತು ಹಾಕಿ.

5. ಎತ್ತಿದ ಚಕ್ರವನ್ನು ನಿಧಾನವಾಗಿ ಒಂದೇ ದಿಕ್ಕಿನಲ್ಲಿ ಸರಿಯಾಗಿ 20 ಸುತ್ತು ತಿರುಗಿಸಿ. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಂದು ಕಾಲು ಸುತ್ತಿನ ನಿಖರತೆಯಲ್ಲಿ ಎಣಿಸಿ.

6. ಬಂದ ಸಂಖ್ಯೆಯನ್ನು 10ರಿಂದ ಭಾಗಿಸಿ. ಅದೇ ರೇಷಿಯೊ.

20 ಸುತ್ತು ತಿರುಗಿಸಿ 10ರಿಂದ ಏಕೆ ಭಾಗಿಸಬೇಕು? ಒಂದು ಚಕ್ರ ನೆಲದ ಮೇಲೆ ನಿಂತಿರುವಾಗ ಡಿಫರೆನ್ಷಿಯಲ್‌ನ ಗುಣದಿಂದ ಎತ್ತಿದ ಚಕ್ರ ಎರಡು ಸುತ್ತು ಹೋದರೆ ಕ್ರೌನ್ ಒಂದೇ ಸುತ್ತು ಹೋಗುತ್ತದೆ. ಇದು ಗೊತ್ತಿಲ್ಲದೆ ಚಕ್ರವನ್ನು ಒಂದು ಸುತ್ತು ತಿರುಗಿಸಿ ಶಾಫ್ಟ್ ಎಣಿಸಿದವರಿಗೆ ನಿಜವಾದ ರೇಷಿಯೊದ ಅರ್ಧ ಸಿಗುತ್ತದೆ.

ಶಾಫ್ಟ್‌ನ ಸುತ್ತುಗಳಿಂದ ರೇಷಿಯೊ ಊಹಿಸಲು ಈ ಪಟ್ಟಿ ನೆರವಾಗುತ್ತದೆ:

- 37ಕ್ಕಿಂತ ಸ್ವಲ್ಪ ಹೆಚ್ಚು ಸುತ್ತು: 41/11, ರೇಷಿಯೊ 3.73
- 39 ಸುತ್ತು: 43/11, ರೇಷಿಯೊ 3.91
- 41 ಸುತ್ತು: 41/10 ಅಥವಾ 37/9, ರೇಷಿಯೊ 4.10 ಅಥವಾ 4.11
- 43 ಸುತ್ತು: 43/10, ರೇಷಿಯೊ 4.30
- 43 ಮುಕ್ಕಾಲು ಸುತ್ತು: 35/8, ರೇಷಿಯೊ 4.38
- 46 ಕಾಲು ಸುತ್ತು: 37/8, ರೇಷಿಯೊ 4.63
- 48 ಮುಕ್ಕಾಲು ಸುತ್ತು: 39/8, ರೇಷಿಯೊ 4.88
- 51 ಕಾಲು ಸುತ್ತು: 41/8, ರೇಷಿಯೊ 5.13

ಎತ್ತಿದ ಚಕ್ರ ತಿರುಗಲು ಒಪ್ಪದಿದ್ದರೆ ಮೊದಲು ಬ್ರೇಕ್ ಹಿಡಿದಿದೆಯೇ ನೋಡಿ. ಬ್ರೇಕ್ ಸರಿಯಿದ್ದರೆ ಡಿಫರೆನ್ಷಿಯಲ್ ಲಾಕ್ ಆಗಿರಬಹುದು ಅಥವಾ ಲಿಮಿಟೆಡ್ ಸ್ಲಿಪ್ ವಿಧದ್ದಾಗಿರಬಹುದು. ಆಗ ಹಿಂದಿನ ಎರಡೂ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎರಡೂ ಒಟ್ಟಿಗೆ ಒಂದೇ ದಿಕ್ಕಿನಲ್ಲಿ 10 ಸುತ್ತು ತಿರುಗುವಂತೆ ಮಾಡಿ ಶಾಫ್ಟ್ ಎಣಿಸಿ, 10ರಿಂದ ಭಾಗಿಸಿ.

ಎರಡೂ ಚಕ್ರ ಎತ್ತಿದಾಗ ಒಂದನ್ನು ತಿರುಗಿಸಿದರೆ ಇನ್ನೊಂದು ಎದುರು ದಿಕ್ಕಿನಲ್ಲಿ ತಿರುಗಿದರೆ ಅದು ಸಾಮಾನ್ಯ ಓಪನ್ ಡಿಫರೆನ್ಷಿಯಲ್ ಎನ್ನುತ್ತಾರೆ. ಇದು ಪೂರ್ತಿ ನಂಬುವ ಪರೀಕ್ಷೆಯಲ್ಲ. ಎರಡು ಚಕ್ರಗಳ ವೇಗದ ವ್ಯತ್ಯಾಸ ಹೆಚ್ಚಾದಾಗ ಮಾತ್ರ ಹಿಡಿಯುವ ಮೆಕ್ಯಾನಿಕಲ್ ಲಾಕ್‌ಗಳಿವೆ. ಕೈಯಲ್ಲಿ ನಿಧಾನವಾಗಿ ತಿರುಗಿಸಿದಾಗ ಅವೂ ಓಪನ್‌ನಂತೆಯೇ ವರ್ತಿಸುತ್ತವೆ. ಲಾಕ್ ಇದೆಯೇ ಇಲ್ಲವೇ ಎಂಬುದನ್ನು ಚಾಸಿಸ್ ನಂಬರ್‌ನಿಂದಲೇ ಖಚಿತಪಡಿಸಿಕೊಳ್ಳಿ.

ವಿಧಾನ 3: ಹಲ್ಲು ಎಣಿಸುವುದು

ಕೊನೆಯ ಮಾತು ಹಲ್ಲಿನದೇ. ಮೇಲಿನ ಪಟ್ಟಿಯಲ್ಲಿ 41/10 ಮತ್ತು 37/9 ನೋಡಿ. ಒಂದು 4.10, ಇನ್ನೊಂದು 4.11. ಕೈಯಲ್ಲಿ ಚಕ್ರ ತಿರುಗಿಸಿ ಈ ವ್ಯತ್ಯಾಸ ಹಿಡಿಯುವುದು ಅಸಾಧ್ಯ, ರಸ್ತೆಯಲ್ಲೂ ಗೊತ್ತಾಗುವುದಿಲ್ಲ. ಆದರೆ 41 ಹಲ್ಲಿನ ಕ್ರೌನ್‌ಗೆ 9 ಹಲ್ಲಿನ ಪಿನಿಯನ್ ಕೂರುವುದಿಲ್ಲ. "ರೇಷಿಯೊ ಒಂದೇ ಅಲ್ವಾ, ಎಲ್ಲದಕ್ಕೂ ಕೂರುತ್ತೆ" ಎಂಬ ಮಾತಿಗೆ ಮರುಳಾಗಬಾರದು.

ಸ್ಯಾಲಿಸ್‌ಬರಿ ವಿಧದಲ್ಲಿ ಹಿಂದಿನ ಮುಚ್ಚಳ ತೆಗೆದು, ಬಾಂಜೊ ವಿಧದಲ್ಲಿ ಕ್ಯಾರಿಯರ್ ಇಳಿಸಿ ಎಣಿಸಬೇಕು. ಎಣಿಸುವಾಗ ಮೊದಲ ಹಲ್ಲಿಗೆ ಬಣ್ಣ ಹಚ್ಚಿ. ಅನೇಕ ಸೆಟ್‌ಗಳಲ್ಲಿ ಕ್ರೌನ್‌ನ ಅಂಚಿನ ಮೇಲೆಯೇ ಎರಡೂ ಗೇರ್‌ಗಳ ಹಲ್ಲಿನ ಸಂಖ್ಯೆ ಮತ್ತು ಜೋಡಿ ಸಂಖ್ಯೆಯನ್ನು ಕೊರೆದಿರುತ್ತಾರೆ. ಅದೇ ಜೋಡಿ ಸಂಖ್ಯೆ ಪಿನಿಯನ್‌ನ ಮೇಲೂ ಇರಬೇಕು. ಕಾರ್ಖಾನೆಯಲ್ಲಿ ಕ್ರೌನ್ ಮತ್ತು ಪಿನಿಯನ್ ಅನ್ನು ಒಟ್ಟಿಗೆ ಉಜ್ಜಿ ಹೊಂದಿಸುವುದರಿಂದ ಒಂದರ ಕ್ರೌನ್‌ಗೆ ಇನ್ನೊಂದರ ಪಿನಿಯನ್ ಹಾಕಿದರೆ, ಹಲ್ಲಿನ ಸಂಖ್ಯೆ ಸರಿಯಿದ್ದರೂ, ಸದ್ದು ಮತ್ತು ಸವೆತ ತಪ್ಪಿದ್ದಲ್ಲ. ಕೊಳ್ಳುವುದಾದರೆ ಜೋಡಿಯಾಗಿಯೇ ಕೊಳ್ಳಿ.

ಆಂಧ್ರದ ಅಂಗಡಿಗಳಲ್ಲಿ ಮಾತು ತೆಲುಗಿನಲ್ಲಿ ನಡೆಯುತ್ತದೆ. ನಮ್ಮ ಹಲ್ಲು ಅಲ್ಲಿ 'ಪಳ್ಳು'. "ಎನ್ನಿ ಪಳ್ಳು?" ಎಂದು ಕೇಳಿದರೆ ಎಷ್ಟು ಹಲ್ಲು ಎಂದರ್ಥ. ಉತ್ತರವನ್ನು ಬಾಯಲ್ಲಿ ಹೇಳುವುದಕ್ಕಿಂತ ಕಾಗದದ ಮೇಲೆ "41/10" ಎಂದು ಬರೆದು ತೋರಿಸುವುದು ಕ್ಷೇಮ.

ವಿಧಾನ 4: ರಸ್ತೆಯ ಮೇಲೆ ಲೆಕ್ಕ

ಕೊಳ್ಳುವ ಮೊದಲು ಟೆಸ್ಟ್ ಡ್ರೈವ್ ಸಿಕ್ಕರೆ ಈ ವಿಧಾನ ಉಪಯುಕ್ತ. ಎಂಜಿನ್‌ನ ಆರ್‌ಪಿಎಂ ಗೊತ್ತಾಗಬೇಕು. ಮೀಟರ್‌ನಲ್ಲಿ ತೋರಿಸದಿದ್ದರೆ, 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ಗಾಡಿಗಳಲ್ಲಿ ಸ್ಕ್ಯಾನರ್ ಜೋಡಿಸಿ ಓದಬಹುದು. ವೇಗವನ್ನು ಗಾಡಿಯ ಮೀಟರ್‌ನಿಂದಲ್ಲ, ಮೊಬೈಲ್‌ನ ಜಿಪಿಎಸ್‌ನಿಂದ ನೋಡಿ. ಚಾಲಕ ರಸ್ತೆ ನೋಡಲಿ, ಪಕ್ಕದಲ್ಲಿ ಕೂತವರು ಅಂಕಿ ಬರೆದುಕೊಳ್ಳಲಿ.

ಗಂಟೆಗೆ 60 ಕಿ.ಮೀ. ವೇಗ ಲೆಕ್ಕಕ್ಕೆ ಸುಲಭ, ಏಕೆಂದರೆ ಅದು ನಿಮಿಷಕ್ಕೆ 1,000 ಮೀಟರ್. 215/75 ಆರ್15 ಅಳತೆಯ ಟೈರ್‌ನ ಲೆಕ್ಕದ ಸುತ್ತಳತೆ ಸುಮಾರು 2.21 ಮೀಟರ್. ಭಾರಕ್ಕೆ ಸ್ವಲ್ಪ ಕುಗ್ಗುವುದರಿಂದ ಓಡುವಾಗ 2.14 ಮೀಟರ್ ಎಂದುಕೊಳ್ಳಿ. 1,000 ಮೀಟರ್ ಸಾಗಲು ಚಕ್ರ ಸುಮಾರು 467 ಸುತ್ತು ತಿರುಗಬೇಕು. ನೇರ ಗೇರ್‌ನಲ್ಲಿ, ಅಂದರೆ ಹಲವು 5 ಗೇರ್‌ಗಳ ಪಿಕಪ್‌ಗಳಲ್ಲಿ 4ನೇ ಗೇರ್‌ನಲ್ಲಿ, ಎಂಜಿನ್ 1,915 ಆರ್‌ಪಿಎಂ ತೋರಿಸಿದರೆ 1,915 ಅನ್ನು 467ರಿಂದ ಭಾಗಿಸಿ. ಉತ್ತರ 4.10.

ನಿಮ್ಮ ಗೇರ್‌ಬಾಕ್ಸ್‌ನಲ್ಲಿ ಯಾವ ಗೇರ್ ನೇರ ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಟೈರ್ ಸವೆತ, ಗಾಳಿಯ ಒತ್ತಡದಿಂದ ಉತ್ತರ ಸ್ವಲ್ಪ ಆಚೀಚೆ ಆಗುತ್ತದೆ. 3.73 ಮತ್ತು 4.30 ನಡುವಿನ ಅಂತರ ಈ ವಿಧಾನದಲ್ಲಿ ಸ್ಪಷ್ಟವಾಗುತ್ತದೆ, 4.30 ಮತ್ತು 4.38 ನಡುವಿನದು ಆಗುವುದಿಲ್ಲ.

ರೇಷಿಯೊ ತಪ್ಪಿದರೆ ಏನಾಗುತ್ತದೆ?

4.10 ಇದ್ದ ಗಾಡಿಗೆ 4.63 ಹಾಕಿದರೆ ಅದೇ ವೇಗದಲ್ಲಿ ಎಂಜಿನ್ ಶೇ 13ರಷ್ಟು ಹೆಚ್ಚು ತಿರುಗುತ್ತದೆ. ಏರಿನಲ್ಲಿ ಎಳೆತ ಚೆನ್ನಾಗಿದೆ ಎನಿಸುತ್ತದೆ, ಹೆದ್ದಾರಿಯಲ್ಲಿ ಡೀಸೆಲ್ ಮತ್ತು ಸದ್ದು ಎರಡೂ ಏರುತ್ತವೆ.

ಇದಕ್ಕೆ ವಿರುದ್ಧವಾಗಿ 3.73 ಹಾಕಿದರೆ ಖಾಲಿ ಗಾಡಿ ಹಗುರವಾಗಿ ಓಡುತ್ತದೆ, ಆದರೆ ಲೋಡ್ ಇಟ್ಟಾಗ ಏರಿನಲ್ಲಿ ಕ್ಲಚ್ ಸುಡುತ್ತದೆ. ಗೇರ್‌ಬಾಕ್ಸ್‌ನಿಂದ ವೇಗ ಓದುವ ಗಾಡಿಗಳಲ್ಲಿ ಸ್ಪೀಡೋಮೀಟರ್ ಕೂಡ ದಾರಿ ತಪ್ಪಿಸುತ್ತದೆ. ಮೀಟರ್ 60 ತೋರಿಸುವಾಗ ಗಾಡಿಯ ನಿಜವಾದ ವೇಗ ಸುಮಾರು 66 ಆಗಿರುತ್ತದೆ. ಲೋಡ್ ತುಂಬಿದ ಗಾಡಿಯಲ್ಲಿ ಬ್ರೇಕ್ ಹಾಕಬೇಕಾದ ಕ್ಷಣದಲ್ಲಿ ಈ 6 ಕಿ.ಮೀ. ಸಣ್ಣ ಅಂತರವಲ್ಲ.

ಫೋರ್ ವೀಲ್ ಡ್ರೈವ್ ಪಿಕಪ್‌ಗಳಲ್ಲಿ ತಪ್ಪಿಗೆ ಬೆಲೆ ಇನ್ನೂ ಹೆಚ್ಚು. ಆಂಧ್ರದ ಶ್ರೀಸಿಟಿಯಲ್ಲಿ ತಯಾರಾದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಆಗಲಿ, ಟೊಯೊಟಾ ಹೈಲಕ್ಸ್ ಆಗಲಿ, ಮಹೀಂದ್ರಾ ಅಥವಾ ಟಾಟಾದ ಫೋರ್ ವೀಲ್ ಡ್ರೈವ್ ಮಾದರಿಗಳಾಗಲಿ, ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್‌ಗಳ ರೇಷಿಯೊ ಹೊಂದಿರಬೇಕು. ಹಿಂದಿನದನ್ನು ಮಾತ್ರ ಬೇರೆ ರೇಷಿಯೊಗೆ ಬದಲಿಸಿ ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರ ಒಂದು ಲೆಕ್ಕದಲ್ಲಿ, ಹಿಂದಿನದು ಇನ್ನೊಂದು ಲೆಕ್ಕದಲ್ಲಿ ಓಡಲು ಹೆಣಗುತ್ತವೆ. ಶಾಫ್ಟ್, ಕ್ರಾಸ್ ಅಥವಾ ಟ್ರಾನ್ಸ್‌ಫರ್ ಕೇಸ್ ಮುರಿಯುವವರೆಗೂ ಇದು ನಿಲ್ಲುವುದಿಲ್ಲ.

ಹೆದ್ದಾರಿಯೇ, ಘಾಟಿಯೇ?

ಕೆಲವರು ಕೇಳುತ್ತಾರೆ: ರೇಷಿಯೊವನ್ನು ಬೇಕೆಂದೇ ಬದಲಿಸಬಹುದೇ? ಉತ್ತರ ನಿಮ್ಮ ದಾರಿಯಲ್ಲಿದೆ. ವಿಜಯವಾಡ ಪಕ್ಕದ ನುನ್ನದಿಂದ ಮಾವು ತುಂಬಿಕೊಂಡು, ಅಥವಾ ಅನಕಾಪಲ್ಲಿಯಿಂದ ಬೆಲ್ಲ ತುಂಬಿಕೊಂಡು ಹೆದ್ದಾರಿ 16ರಲ್ಲಿ ಓಡುವ ಗಾಡಿಗೆ ಬಹುತೇಕ ಸಮತಟ್ಟಾದ ಕರಾವಳಿ ರಸ್ತೆ. ಅದೇ ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಹೋಗುವ ಗಾಡಿ ಸುಮಾರು 115 ಕಿ.ಮೀ.ಯಲ್ಲಿ ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರಕ್ಕೆ ಘಾಟಿ ಹತ್ತಬೇಕು. ನಮ್ಮ ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಓಡಿಸುವವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ.

ಆದರೂ ಕಂಪನಿ ಕೊಟ್ಟ ರೇಷಿಯೊವನ್ನೇ ಉಳಿಸಿಕೊಳ್ಳುವುದು ಬಹುತೇಕರಿಗೆ ಸರಿಯಾದ ನಿರ್ಧಾರ. ಎಂಜಿನ್, ಗೇರ್‌ಬಾಕ್ಸ್, ಟೈರ್, ಬ್ರೇಕ್ ಎಲ್ಲವನ್ನೂ ಅದಕ್ಕೆ ಹೊಂದಿಸಿಯೇ ಗಾಡಿ ತಯಾರಿಸಿರುತ್ತಾರೆ. ಟೈರ್ ಬದಲಿಸಿದರೂ ರೇಷಿಯೊ ಬದಲಿಸಿದಂತೆಯೇ ಆಗುತ್ತದೆ ಎಂಬುದನ್ನೂ ಮರೆಯಬೇಡಿ. ಟೈರ್‌ನ ಸುತ್ತಳತೆ ಶೇ 5ರಷ್ಟು ಹೆಚ್ಚಾದರೆ ಎಳೆತ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ.

ಇನ್ನೊಂದು ತಪ್ಪು ಕಲ್ಪನೆ, ದೊಡ್ಡ ಹೌಸಿಂಗ್ ಹಾಕಿಸಿದರೆ ಹೆಚ್ಚು ಲೋಡ್ ತುಂಬಬಹುದು ಎಂಬುದು. ಕಾನೂನು ನೋಡುವುದು ಆರ್‌ಸಿಯಲ್ಲಿನ ತೂಕವನ್ನು. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಅಧಿಕ ಭಾರಕ್ಕೆ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ ದಂಡವಿದೆ. ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವುದಕ್ಕೆ 52ನೇ ಸೆಕ್ಷನ್ ತಡೆ ಒಡ್ಡುತ್ತದೆ.

ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವಾಗ ನೋಡಬೇಕಾದ್ದು

ರೇಷಿಯೊ ಸರಿಯಿದ್ದ ಮಾತ್ರಕ್ಕೆ ಸಾಮಾನು ಹೊಂದುತ್ತದೆ ಎಂದಲ್ಲ. ಹಣ ಕೊಡುವ ಮೊದಲು ಇವನ್ನು ಹಳೆಯದರ ಪಕ್ಕ ಇಟ್ಟು ನೋಡಿ:

- ಕ್ರೌನ್ ಮತ್ತು ಪಿನಿಯನ್‌ನ ಹಲ್ಲಿನ ಸಂಖ್ಯೆ, ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ
- ಕ್ರೌನ್‌ನ ಹೊರ ವ್ಯಾಸ ಮತ್ತು ಅದರ ಬೋಲ್ಟ್ ರಂಧ್ರಗಳ ಸಂಖ್ಯೆ
- ಆಕ್ಸಲ್ ಶಾಫ್ಟ್ ತುದಿಯ ಗೀರುಗಳ ಸಂಖ್ಯೆ, ಅಂದರೆ ಸ್ಪ್ಲೈನ್
- ಎಡ ಮತ್ತು ಬಲ ಶಾಫ್ಟ್‌ಗಳ ಉದ್ದ, ಎರಡೂ ಒಂದೇ ಇರಬೇಕೆಂದಿಲ್ಲ
- ಪ್ರೊಪೆಲ್ಲರ್ ಶಾಫ್ಟ್ ಕೂರುವ ಫ್ಲ್ಯಾಂಜ್‌ನ ರಂಧ್ರಗಳ ಅಂತರ
- ಇಡೀ ಹೌಸಿಂಗ್ ಕೊಳ್ಳುವುದಾದರೆ ಅದರ ಅಗಲ, ಲೀಫ್ ಸ್ಪ್ರಿಂಗ್ ಕೂರುವ ಎರಡು ಜಾಗಗಳ ನಡುವಿನ ದೂರ, ಬ್ರೇಕ್ ಡ್ರಮ್‌ನ ಅಳತೆ
- ಎಬಿಎಸ್ ಇದ್ದರೆ ಸೆನ್ಸರ್ ಮತ್ತು ಅದರ ರಿಂಗ್
- ಹಲ್ಲುಗಳ ಮೇಲೆ ಚೂರು ಹಾರಿದ ಗುರುತು, ನೀಲಿ ಬಣ್ಣ ತಿರುಗಿದ ಸುಟ್ಟ ಗುರುತು, ಸಣ್ಣ ಗುಳಿಗಳು

ಈ ಅಳತೆಗಳನ್ನು ಫೋಟೊ ಸಹಿತ ಮೊದಲೇ ಕಳಿಸಿ ಕೇಳಿದರೆ ಸುಮ್ಮನೆ ಓಡಾಡುವುದು ತಪ್ಪುತ್ತದೆ. ಬಿಲ್‌ನಲ್ಲಿ ಹಲ್ಲಿನ ಸಂಖ್ಯೆ ಬರೆಸಿಕೊಳ್ಳಿ, ಹೊಂದದಿದ್ದರೆ ವಾಪಸ್ ಪಡೆಯುವ ಮಾತನ್ನೂ ಅಲ್ಲೇ ಮುಗಿಸಿ.

ಓದುಗರ ಸಾಮಾನ್ಯ ಪ್ರಶ್ನೆಗಳು

ಹೌಸಿಂಗ್ ಸದ್ದು ಬಂದರೆ ಕ್ರೌನ್ ಪಿನಿಯನ್ ಹೋಗಿದೆ ಎಂದೇ ಅರ್ಥವೇ?
ಇಲ್ಲ. ಆಯಿಲ್ ಕಡಿಮೆಯಾಗಿದ್ದರೂ, ಬೇರಿಂಗ್ ಸವೆದಿದ್ದರೂ ಸದ್ದು ಬರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಸದ್ದಿನ ರೀತಿ ಬದಲಾದರೆ ಗೇರ್ ಮೇಲೆ ಅನುಮಾನ ಹೆಚ್ಚು. ಆಯಿಲ್ ಇಳಿಸಿ ಅದರಲ್ಲಿ ಲೋಹದ ಚೂರು ಇದೆಯೇ ನೋಡಿದ ನಂತರವೇ ಸೆಟ್ ಹುಡುಕಲು ಹೊರಡಿ.

ಯಾವ ಆಯಿಲ್ ಹಾಕಬೇಕು?
ಹಿಂದಿನ ಆಕ್ಸಲ್‌ನ ಹೈಪಾಯ್ಡ್ ಗೇರ್‌ಗಳಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಆಯಿಲ್ ಬೇಕು. 80ಡಬ್ಲ್ಯೂ-90 ಅಥವಾ 85ಡಬ್ಲ್ಯೂ-140 ಎಂಬ ದಪ್ಪವನ್ನು ಕೈಪಿಡಿಯ ಪ್ರಕಾರ ಆರಿಸಿ. ಲಿಮಿಟೆಡ್ ಸ್ಲಿಪ್ ಇದ್ದರೆ ಅದಕ್ಕೆಂದೇ ಇರುವ ಆಯಿಲ್ ಬೇಕಾಗಬಹುದು. ಆಕ್ಸಲ್ ವಿಧ ಗೊತ್ತಿರಬೇಕು ಎನ್ನಲು ಇದೂ ಒಂದು ಕಾರಣ.

ಹೊಸ ಸೆಟ್ ಹಾಕಿದ ಕೂಡಲೇ ಪೂರ್ತಿ ಲೋಡ್ ತುಂಬಬಹುದೇ?
ಬೇಡ. ಮೊದಲ ಕೆಲವು ನೂರು ಕಿಲೋಮೀಟರ್ ಹಗುರ ಲೋಡ್‌ನಲ್ಲಿ, ಮಧ್ಯೆ ಮಧ್ಯೆ ತಣಿಯಲು ಬಿಟ್ಟು ಓಡಿಸಿ, ನಂತರ ಆಯಿಲ್ ಬದಲಿಸಿ. ಗೇರ್ ಹೊಂದಿಸುವ ಕೆಲಸವನ್ನು ಡಯಲ್ ಗೇಜ್ ಇರುವ, ಹಲ್ಲುಗಳ ನಡುವಿನ ಸಡಿಲವನ್ನು ಅಳೆದು ಶಿಮ್ ಹಾಕಬಲ್ಲ ಮೆಕ್ಯಾನಿಕ್‌ಗೇ ಕೊಡಿ.

ನಾಲ್ಕೂ ವಿಧಾನ ಮಾಡಲೇಬೇಕೇ?
ಬೇಕಿಲ್ಲ. ಚಾಸಿಸ್ ನಂಬರ್‌ನಿಂದ ಬಂದ ಉತ್ತರ ಮತ್ತು ಚಕ್ರ ತಿರುಗಿಸಿ ಬಂದ ಉತ್ತರ ಒಂದೇ ಆದರೆ ಆಕ್ಸಲ್ ಬದಲಾಗಿಲ್ಲ ಎಂದು ಬಹುಮಟ್ಟಿಗೆ ನಂಬಬಹುದು. ಎರಡೂ ಬೇರೆಯಾದರೆ ಹಲ್ಲು ಎಣಿಸದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಒಮ್ಮೆ ಖಚಿತವಾದ ಮೇಲೆ ಆಕ್ಸಲ್ ವಿಧ, ಹಲ್ಲಿನ ಸಂಖ್ಯೆ, ರೇಷಿಯೊ, ಆಯಿಲ್ ದರ್ಜೆ ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಆರ್‌ಸಿ ಪ್ರತಿಯ ಜೊತೆ ಗಾಡಿಯಲ್ಲಿಡಿ. ರಾತ್ರಿ ಹೆದ್ದಾರಿ ಬದಿಯಲ್ಲಿ ಗಾಡಿ ನಿಂತಾಗ, ಗುರುತಿಲ್ಲದ ಊರಿನ ಗ್ಯಾರೇಜ್‌ಗೆ ಫೋನ್ ಮಾಡಿ ಸಾಮಾನು ಕೇಳಬೇಕಾದ ಚಾಲಕನಿಗೆ ಆ ಚೀಟಿ ಉಪಯೋಗಕ್ಕೆ ಬರುತ್ತದೆ.